ಎಂಟು ಮಂಗಳವಾರಗಳ ಹಾಜರಿ

"ನನ್ನ ಮಗನಿಗೆ ಗುಂಡು ಬಿದ್ದಿತ್ತಾ? ಯಾವಾಗ? ಹೆತ್ತವಳು ನಾನು, ನನಗೇ ಗೊತ್ತಿಲ್ವಲ್ಲ!"

ಬಾಗಿಲಲ್ಲಿ ನಿಂತಿದ್ದ ಹೆಂಗಸು ಹೀಗೆ ಕೇಳಿದಾಗ ವರ್ನೀಟಾ ಕೈಯಲ್ಲಿದ್ದ ಕಾಗದವನ್ನು ಇನ್ನೊಮ್ಮೆ ನೋಡಿದಳು. ಹೆಸರು ಸರಿಯಾಗಿತ್ತು. ಮನೆ ನಂಬರೂ ಸರಿಯಾಗಿತ್ತು. ಕಾಗದದ ಪ್ರಕಾರ ಈ ಮನೆಯ ಹತ್ತೊಂಬತ್ತರ ಹುಡುಗ ಒಮ್ಮೆ ಗುಂಡೇಟು ತಿಂದವನು, ಎರಡು ಸಲ ಜೈಲು ಕಂಡವನು, ಬೀದಿಯ ಗುಂಪೊಂದರಲ್ಲಿ ಓಡಾಡುವವನು. ಅಪಾಯದ ಅಂಕ ಹತ್ತಕ್ಕೆ ಒಂಬತ್ತು.

ಒಳಗಿನ ಕೋಣೆಯಿಂದ ಯಾರೋ ಕ್ಲಾರಿನೆಟ್ ಊದುತ್ತಿದ್ದರು. ಒಂದೇ ಸಾಲನ್ನು ತಪ್ಪಿಸಿ, ನಿಲ್ಲಿಸಿ, ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು.

"ಕೇಳಿಸ್ತಿದೆಯಾ? ಅದೇ ಅವನ ಗ್ಯಾಂಗು," ಎಂದಳು ಹೆಂಗಸು. "ಬೆಕ್ಕು ಬಂದ್ರೆ ಕುರ್ಚಿ ಮೇಲೆ ಕಾಲಿಡೋ ಹುಡುಗ ಅವನು. ಮಂಗಳವಾರ ಆ ಸಭೇಲಿ ಕೋಳಿ ರೆಕ್ಕೆ ಕೊಡ್ತಾರೆ ಅಂತ ಹೋಗ್ತಾನೆ, ತಿಂದು ಬರ್ತಾನೆ. ಯಾರಮ್ಮ ನನ್ನ ಮಗನ ಮೇಲೆ ಇದನ್ನೆಲ್ಲ ಬರೆದಿದ್ದು?"

"ನಾನು ಬರೆದಿದ್ದಲ್ಲ. ನಾನು ಕೇಳ್ಕೊಂಡು ಹೋಗೋಕೆ ಬಂದವಳು."

"ಕೇಳಿದ್ದಾಯ್ತಲ್ಲ, ಹೊರಡಿ. ಹೋಗೋ ಮುಂಚೆ ಇನ್ನೊಂದು ಬರ್ಕೊಳ್ಳಿ. ಅವನಿಗೆ ಕಡಲೆಕಾಯಿ ಆಗಲ್ಲ, ತಿಂದ್ರೆ ಮುಖ ಊದ್ಕೊಳ್ಳುತ್ತೆ. ಅವನಿಗಿರೋ ಅಪಾಯ ಅದೊಂದೇ."

ಬಾಗಿಲು ಮುಚ್ಚಿಕೊಂಡಿತು. ವರ್ನೀಟಾ ಮೆಟ್ಟಿಲಿಳಿದು ಫುಟ್‌ಪಾತಿನ ಮೇಲೆ ನಿಂತು ಕಾಗದಕ್ಕೆ ಗುರುತು ಹಾಕಿದಳು. ಇದು ಮೂವತ್ತೊಂದನೆಯ ಮನೆ. ಇಷ್ಟರಲ್ಲಿ ಅವಳು ಕಂಡವರು ಚರ್ಚಿನ ಗಾಯಕ ತಂಡದ ನಾಲ್ಕು ಮಂದಿ, ಬಾಸ್ಕೆಟ್‌ಬಾಲ್ ತಂಡದ ಆರು ಮಂದಿ, ನರ್ಸಿಂಗ್ ಓದುತ್ತಿದ್ದ ಅವಳಿ ಸಹೋದರಿಯರು, ಮತ್ತು ಈ ಪಟ್ಟಿ ಕೊಟ್ಟ ಕಾರ್ಯಕ್ರಮದ ನಿರ್ದೇಶಕನ ಸ್ವಂತ ಅಕ್ಕನ ಇಬ್ಬರು ಮಕ್ಕಳು. ಎಲ್ಲರಿಗೂ ಎಂಟು, ಒಂಬತ್ತು ಅಂಕ. ಬಂದೂಕನ್ನು ಹತ್ತಿರದಿಂದ ನೋಡಿದವರು ಆ ಮೂವತ್ತೊಂದು ಮನೆಗಳಲ್ಲಿ ಒಬ್ಬರೋ ಇಬ್ಬರೋ.

ಐವತ್ತನಾಲ್ಕು ವರ್ಷದ ವರ್ನೀಟಾ ಉತ್ತರ ಫಿಲಡೆಲ್ಫಿಯಾದ ಆ ಬೀದಿಗಳಲ್ಲೇ ಹುಟ್ಟಿ ಬೆಳೆದವಳು. ಅಲ್ಲಿನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಮಕ್ಕಳ ತಟ್ಟೆಗೆ ಊಟ ಬಡಿಸಿದ್ದಳು. ಶಾಲೆ ಮುಚ್ಚಿದ ಮೇಲೆ ವಿಶ್ವವಿದ್ಯಾಲಯದ ಪ್ರೊಫೆಸರ್ ಕಾಲ್ಡರ್ ಅವಳನ್ನು ಹುಡುಕಿಕೊಂಡು ಬಂದಿದ್ದಳು. "ನೀವು ತಟ್ಟಿದರೆ ಬಾಗಿಲು ತೆರೆಯುತ್ತಾರೆ, ನಾವು ತಟ್ಟಿದರೆ ದೀಪ ಆರಿಸುತ್ತಾರೆ," ಎಂದಿದ್ದಳು. ಮಾತು ನಿಜವಾಗಿತ್ತು. 'ಹೊಸ ಹೆಜ್ಜೆ' ಎಂಬ ಕಾರ್ಯಕ್ರಮ ಬೀದಿಯಲ್ಲಿ ಗುಂಡು ಹಾರುವುದನ್ನು ತಡೆಯಲೆಂದು ಶುರುವಾಗಿ ಮೂರು ವರ್ಷವಾಗಿತ್ತು. ನಗರದವರು ಒಂದೇ ಪ್ರಶ್ನೆ ಕೇಳಿದ್ದರು: ನಾಳೆ ಗುಂಡು ಹಾರಿಸಬಹುದಾದವರು, ನಾಳೆ ಗುಂಡಿಗೆ ಬಲಿಯಾಗಬಹುದಾದವರು, ಇವರನ್ನು ಈ ಕಾರ್ಯಕ್ರಮ ಮುಟ್ಟುತ್ತಿದೆಯೇ? ತೊಂಬತ್ತನಾಲ್ಕು ಜನರ ಪಟ್ಟಿಯನ್ನು ಹಿಡಿದು ಮನೆ ಮನೆ ತಿರುಗಿ ಉತ್ತರ ತರುವುದು ವರ್ನೀಟಾಳ ಕೆಲಸ.

ಗುಂಡಿಗೆ ಬಲಿಯಾದವರ ಪಟ್ಟಿಯನ್ನು ಅವಳಿಗೆ ಯಾರೂ ಕೊಡಬೇಕಾಗಿರಲಿಲ್ಲ. ಅದು ಬೀದಿ ಮೂಲೆಗಳ ದೀಪದ ಕಂಬಗಳ ಬುಡದಲ್ಲಿ, ಸತ್ತವರ ನೆನಪಿಗೆ ಜನ ತಂದಿಟ್ಟು ಮಣ್ಣಾದ ಬಟ್ಟೆಯ ಕರಡಿಗಳು, ಗಾಳಿ ಇಳಿದ ಬಲೂನುಗಳು, ಕರಗಿ ಹರಡಿದ ಮೇಣದ ನಡುವೆ ಇತ್ತು. ಅವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸಿನ ಗಂಡಸರು, ಅವಳ ಕೈಯಿಂದ ಊಟ ಬಡಿಸಿಕೊಂಡವರು. ಯಾರಿಗೆ ಬೆಂಡೆಕಾಯಿ ಸೇರುತ್ತಿರಲಿಲ್ಲ, ಯಾರು ಎರಡನೇ ಸಲ ತಟ್ಟೆ ಹಿಡಿದು ಬರುತ್ತಿದ್ದರು ಎಂಬುದೂ ಅವಳಿಗೆ ನೆನಪಿತ್ತು.

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಹಾಜರಿ ಪುಸ್ತಕದ ಬಣ್ಣದ ನಕಲು ಹಾಳೆಗಳನ್ನು ಹರಡಿಕೊಂಡಳು. ಪ್ರತಿ ಮಂಗಳವಾರ ಸಂಜೆ ಐದಕ್ಕೆ ಸಭೆ, ಬಂದವರ ಸಹಿ. ಒಂದು ಹಾಳೆಯಲ್ಲಿ ಮಾತ್ರ ಸಹಿಗಳೆಲ್ಲ ಹಸಿರು ಶಾಯಿಯಲ್ಲಿದ್ದವು. ಒಂದು ಎಡಕ್ಕೆ ವಾಲಿದ್ದರೆ ಇನ್ನೊಂದು ಬಲಕ್ಕೆ ವಾಲಿತ್ತು, ಆದರೆ ಎಲ್ಲದರ ಬಾಲವೂ ಒಂದೇ ಬಗೆಯಲ್ಲಿ ಸುರುಳಿ ಸುತ್ತಿತ್ತು. ಹನ್ನೊಂದು ಹೆಸರುಗಳಿದ್ದವು. ಏಳನೆಯ ಹೆಸರಿಗೆ ಬಂದಾಗ ಅವಳ ಬೆರಳು ನಿಂತಿತು.

ಕ್ವಾದೀರ್. ಮೇ ತಿಂಗಳ ನಾಲ್ಕೂ ಮಂಗಳವಾರ ಹಾಜರಿ, ಜೂನಿನಲ್ಲಿ ಮೂರು.

ಕ್ವಾದೀರ್ ಸತ್ತದ್ದು ಮಾರ್ಚ್‌ನಲ್ಲಿ. ಮಣ್ಣು ಮಾಡಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹಾಕಿದ ಊಟಕ್ಕೆ ಎರಡು ದೊಡ್ಡ ತಟ್ಟೆ ಆಲೂಗಡ್ಡೆ ಸಲಾಡ್ ಮಾಡಿದವಳು ಇದೇ ವರ್ನೀಟಾ. ಪೆಟ್ಟಿಗೆಯಲ್ಲಿ ಮಲಗಿದ್ದವನ ಕೆನ್ನೆಯ ಮೇಲೆ ಬಣ್ಣ ಸ್ವಲ್ಪ ಹೆಚ್ಚಾಗಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅವನನ್ನು ಮಣ್ಣಿನಿಂದ ಎಬ್ಬಿಸಿ, ಕುರ್ಚಿಯಲ್ಲಿ ಕೂರಿಸಿ, ಏಳು ಸಲ ಸಹಿ ಹಾಕಿಸಿದ್ದರು. ಅದೇ ಹಾಳೆಯಲ್ಲಿ ಇನ್ನಿಬ್ಬರು ಸತ್ತವರೂ ಇದ್ದರು.

ಅವಳು ಹಾಳೆಯನ್ನು ಮಗುಚಿಟ್ಟಳು. ಎದ್ದು ಸಿಂಕಿನ ಹತ್ತಿರ ಹೋಗಿ ಸೋಪು ಹಚ್ಚಿ ಮೊಣಕೈವರೆಗೂ ಕೈ ತೊಳೆದಳು. ಟವೆಲಿನಿಂದ ಒರೆಸಿಕೊಂಡ ಮೇಲೂ ಸಾಲದೆನಿಸಿ ಇನ್ನೊಮ್ಮೆ ತೊಳೆದಳು.

ಹಿತ್ತಲ ಬಾಗಿಲನ್ನು ಯಾರೋ ಎರಡು ಸಲ ಮೆಲ್ಲಗೆ ತಟ್ಟಿದರು. ಅವಳ ತಮ್ಮ ಲೆಮ್ಯುಯೆಲ್ ಬಂದಿದ್ದ. ಮೂವತ್ತಮೂರು ವರ್ಷದವನು. ಅವನು ಹನ್ನೊಂದರವನಿದ್ದಾಗ ಅಮ್ಮ ತೀರಿಕೊಂಡಳು. ಅಲ್ಲಿಂದೀಚೆಗೆ ಅಮ್ಮನೂ ಅಕ್ಕನೂ ಇವಳೇ. ಐದು ತಿಂಗಳಿಂದ ಅವನು ಮುಂಬಾಗಿಲಲ್ಲಿ ಬಂದಿರಲಿಲ್ಲ, ಕಿಟಕಿಯ ಪಕ್ಕ ಕೂತಿರಲಿಲ್ಲ, ಒಂದೇ ಮನೆಯಲ್ಲಿ ಸತತ ಎರಡು ದಿನ ಮಲಗಿರಲಿಲ್ಲ. ಫೋನ್ ನಂಬರ್ ಮೂರು ಸಲ ಬದಲಾಗಿತ್ತು.

ಚಿಕ್ಕಂದಿನಿಂದಲೂ ಮೂವರು ಜೊತೆಗಾರರು. ಕ್ವಾದೀರ್, ಲೆಮ್, ಮತ್ತು ಎರಡು ಮನೆ ಆಚೆಯ ಡೆಸ್ಸಾಳ ಮಗ ನಫೀಸ್. ಕ್ವಾದೀರ್‌ನನ್ನು ಕೊಂದವರು ಅವೆನ್ಯೂ ಎಂಬ ದೊಡ್ಡ ರಸ್ತೆಯ ಆ ಬದಿಯವರು ಎಂಬುದು ಬೀದಿಗೆಲ್ಲ ಗೊತ್ತಿತ್ತು. ಉಳಿದ ಇಬ್ಬರು ಸೇಡು ತೀರಿಸುತ್ತಾರೆಂದು ಆ ಬದಿಯವರು ಕಾದಿದ್ದರು. ಇನ್ನೂ ಯಾಕೆ ತೀರಿಸಿಲ್ಲವೆಂದು ಈ ಬದಿಯವರು ಆಡಿಕೊಳ್ಳುತ್ತಿದ್ದರು.

"ಮೀನು ಹುರಿದಿದೆ, ತಿನ್ನು," ಎಂದಳು ವರ್ನೀಟಾ.

"ಅಂಗಡಿ ಹತ್ರ ಆ ಮುದುಕ ಏನಂದ ಗೊತ್ತಾ? 'ಕ್ವಾದೀರ್‌ಗೆ ಅಣ್ತಮ್ಮಂದಿರು ಇದ್ರು ಅಂದ್ಕೊಂಡಿದ್ದೆ, ತಂಗೀರು ಅಂತ ಗೊತ್ತಿರ್ಲಿಲ್ಲ' ಅಂದ. ಎಲ್ಲರ ಮುಂದೆ." ಲೆಮ್ ನಕ್ಕ.

"ಲೆಮ್, ಬೀರುವಿನಲ್ಲಿರೋ ನನ್ನ ಚಳಿಗಾಲದ ಬೂಟು ಯಾಕೋ ಭಾರ ಆಗಿದೆ."

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಮುಟ್ಟಿದ್ಯಾ?"

"ಮುಟ್ಟಿದೆ. ತಣ್ಣಗಿತ್ತು."

"ಅದನ್ನ ಎತ್ತೋಕೆ ನನಗೆ ಆಸೆ ಇಲ್ಲ ಅಕ್ಕಾ. ಆದ್ರೆ ಒಂದಿನ ಅವರು ಎತ್ತಬೇಕು, ಇಲ್ಲ ನಾನು ಎತ್ತಬೇಕು." ಮೀನಿನ ಮುಳ್ಳನ್ನು ಬಿಡಿಸುತ್ತಾ ಹೇಳಿದ. "ಸೌತ್ ಕ್ಯಾರೊಲಿನಾಕ್ಕೆ ಬಾ ಅಂತ ಚಿಕ್ಕಮ್ಮ ಕರೀತಾನೇ ಇದ್ದಾಳೆ. ಹೋಗಿಬಿಡ್ತೀನಿ. ಆ ಆಫೀಸಿನ ಪತ್ರ ಒಂದು ಇದ್ರೆ ಸಾಕು."

ಲೆಮ್ ಹಳೆಯ ಪ್ರಕರಣವೊಂದರಲ್ಲಿ ಕೋರ್ಟಿನ ಷರತ್ತಿನ ಮೇಲೆ ಹೊರಗಿದ್ದವನು. ಅವನ ಮೇಲೆ ಕಣ್ಣಿಟ್ಟಿದ್ದ ಅಧಿಕಾರಿಯ ಸಹಿ ಇಲ್ಲದೆ ರಾಜ್ಯದ ಗಡಿ ದಾಟಿದರೆ ಸೀದಾ ಜೈಲು, ಜೈಲಿನ ಒಳಗೆ ಆ ಬದಿಯವರೇ ಹೆಚ್ಚು. 'ಹೊಸ ಹೆಜ್ಜೆ'ಯವರು ಇವನ ಜೀವಕ್ಕೆ ಅಪಾಯವಿದೆ ಎಂದು ಪತ್ರ ಕೊಟ್ಟರೆ ಅಧಿಕಾರಿ ಮರುಮಾತಿಲ್ಲದೆ ಸಹಿ ಹಾಕುತ್ತಿದ್ದ. ಆದರೆ ಪತ್ರ ಸಿಗುತ್ತಿದ್ದದ್ದು ಎಂಟು ಸಭೆಗೆ ಹಾಜರಾದವರಿಗೆ ಮಾತ್ರ. ಸಭೆ ನಡೆಯುತ್ತಿದ್ದದ್ದು ಅವೆನ್ಯೂವಿನ ಆ ಬದಿಯಲ್ಲಿ, ಮುಂಭಾಗವೆಲ್ಲ ಗಾಜು ಹಾಕಿದ ಹಳೆಯ ಚಪ್ಪಲಿ ಅಂಗಡಿಯಲ್ಲಿ, ಪ್ರತಿ ಮಂಗಳವಾರ ಐದಕ್ಕೆ ಸರಿಯಾಗಿ. ಲೆಮ್ ಅಂಥವನು ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ, ಗಾಜಿನ ಹಿಂದೆ ಹೋಗಿ ಕೂತರೆ ಮುಂದೇನಾಗುತ್ತದೆ ಎಂದು ಈ ಬದಿಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಿದ್ದಳು. ಕೇಳಿದವರು ಯಾರೂ ಇರಲಿಲ್ಲ. ಬಾಡಿಗೆ ಕಡಿಮೆ, ಬೆಳಕು ಚೆನ್ನಾಗಿದೆ ಎಂದು ಅಲ್ಲಿ ಆಫೀಸು ಮಾಡಿದ್ದರು.

"ನಾನು ಕೇಳ್ತೀನಿ," ಎಂದಳು ವರ್ನೀಟಾ.

"ನಫೀಸ್‌ಗೂ ಒಂದು ಕೇಳು ಅಕ್ಕಾ. ನಾನೊಬ್ಬನೇ ಹೋದ್ರೆ ಅವನೊಬ್ಬನೇ ಉಳೀತಾನೆ."

"ಕೇಳ್ತೀನಿ ಅಂದ್ನಲ್ಲ."

ಮರುದಿನ ಬೆಳಗ್ಗೆ ಹತ್ತಕ್ಕೆ ಅವಳು ಅವೆನ್ಯೂ ದಾಟಿದಳು. ಐವತ್ತು ದಾಟಿದ ಹೆಂಗಸರನ್ನು ಆ ಬದಿಯಲ್ಲಿ ಯಾರೂ ತಡೆಯುತ್ತಿರಲಿಲ್ಲ. ಆಫೀಸಿನೊಳಗೆ ಹೂವಿನ ಪರಿಮಳದ ಸ್ಪ್ರೇ ಹೊಡೆದಿದ್ದರು. ಅದರ ಅಡಿಯಲ್ಲಿ ಹಿಂದಿನ ದಿನದ ಕೋಳಿ ಎಣ್ಣೆಯ ವಾಸನೆ ಹಾಗೇ ಕೂತಿತ್ತು. ಗೋಡೆಯ ತುಂಬ ಫೋಟೋಗಳಿದ್ದವು. ನಗುವ ಹುಡುಗರು, ಹಲ್ಲು ಬೆಳ್ಳಗಿದ್ದ ಹುಡುಗರು, ಒಬ್ಬನ ಕೈಯಲ್ಲಿ ಕ್ಲಾರಿನೆಟ್.

ನಿರ್ದೇಶಕ ಡೆಲಾನೋ ಪ್ರೈಸ್ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ. "ಮಿಸ್ ವರ್ನೀಟಾ! ನಿಮ್ಮ ಕೈಯ ಮ್ಯಾಕರೋನಿ ತಿಂದು ಬೆಳೆದವನು ನಾನು."

"ಎಲ್ಲಿ ತಿಂತಿದ್ದೆ? ಬಟಾಣಿ ಎಲ್ಲ ಆರಿಸಿ ಬೆಂಚಿನ ಕೆಳಗೆ ಎಸೀತಿದ್ದೆ. ಗುಡಿಸ್ತಿದ್ದೋಳು ನಾನು."

ಅವನು ಜೋರಾಗಿ ನಕ್ಕ. ಒಳ್ಳೆಯ ನಗು, ಎಲ್ಲರನ್ನೂ ಒಲಿಸಿಕೊಳ್ಳುವ ನಗು. ಅವಳು ತಮ್ಮನ ವಿಷಯ ಹೇಳಿದಳು. ಅವನ ಮುಖ ಕೂಡಲೇ ಶೋಕಕ್ಕೆ ಇಳಿಯಿತು. ಹಾಗೆ ಇಳಿಸಿ ಇಳಿಸಿ ಅದಕ್ಕೆ ರೂಢಿಯಾಗಿತ್ತು.

"ಕರುಳು ಕಿತ್ತು ಬರುತ್ತೆ ಮಿಸ್ ವರ್ನೀಟಾ. ಆದ್ರೆ ನಿಯಮ ಅಂತ ಒಂದಿದೆ. ನಾನು ಮುಖವನ್ನೇ ನೋಡದವನಿಗೆ ಪತ್ರ ಕೊಟ್ಟು, ನಾಳೆ ಅವನು ಅಲ್ಲಿ ಏನೋ ಮಾಡಿಕೊಂಡ್ರೆ, ಕೋರ್ಟಿನವರು ನಮ್ಮ ಪತ್ರ ತಗೊಳ್ಳೋದೇ ನಿಲ್ಲಿಸ್ತಾರೆ. ಎಂಟು ಸಲ ಬರಲಿ ಸಾಕು."

"ಬರ್ತಾ ಬರ್ತಾನೇ ಹೆಣ ಆಗ್ತಾನೆ. ನೀನೂ ಇದೇ ಬೀದಿಯವನು, ಗೊತ್ತಿಲ್ವಾ ನಿನಗೆ?"

"ಅಪಾಯದಲ್ಲಿರೋರು ಬರೋದೇ ಇಲ್ಲ. ನಾನೇನು ಮಾಡ್ಲಿ?"

"ನೀನು ಅವರ ಹತ್ರ ಹೋಗು."

"ಹೋದ್ರೆ ಹಾಜರಿ ಯಾರು ಹಾಕ್ತಾರೆ? ಪುಸ್ತಕ ಇರೋದು ಇಲ್ಲಿ," ಎಂದ ಪ್ರೈಸ್. ತಮಾಷೆ ಮಾಡುತ್ತಿರಲಿಲ್ಲ.

ವರ್ನೀಟಾ ಚೀಲದಿಂದ ಆ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ಕ್ವಾದೀರನ ಹೆಸರಿನ ಮೇಲೆ ಬೆರಳಿಟ್ಟಳು.

ಅವನು ಬೊಬ್ಬೆ ಹಾಕುತ್ತಾನೆ, ಇಲ್ಲವೇ ಕೆಲಸದ ಹುಡುಗರ ಮೇಲೆ ತಪ್ಪು ಹೊರಿಸುತ್ತಾನೆ ಎಂದುಕೊಂಡಿದ್ದಳು. ಅವನು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೂತ. "ಇಲ್ಲಿ ಎಂಟು ಜನ ಕೆಲಸಕ್ಕಿದ್ದಾರೆ. ಎಂಟೂ ಜನ ಜೈಲಿನಿಂದ ಬಂದೋರು, ಬೇರೆ ಯಾರೂ ಕೆಲಸ ಕೊಡಲ್ಲ. ನಗರದವರು ತೊಂಬತ್ತು ಹೆಸರು ತೋರಿಸು ಅಂತಾರೆ. ತೋರಿಸದಿದ್ರೆ ಈ ಬಾಗಿಲು ಮುಚ್ಚುತ್ತೆ, ಆ ಎಂಟು ಜನ ಮತ್ತೆ ಬೀದಿ ಮೂಲೆಗೆ ಹೋಗ್ತಾರೆ. ಆಮೇಲೆ ಯಾರು ಸಾಯ್ತಾರೆ ಅಂತ ನೀವೇ ಯೋಚನೆ ಮಾಡಿ." ಆಮೇಲೆ ತೀರ ಸಾಧಾರಣ ದನಿಯಲ್ಲಿ ಕೇಳಿದ. "ಏನು ಬೇಕು ನಿಮಗೆ?"

ಅಷ್ಟು ಸಲೀಸಾಗಿ ಕೇಳಿದನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ಆದರೆ ಅದಕ್ಕಿಂತ ಬೇಗ ಅವಳ ಬಾಯಿಂದ ಉತ್ತರ ಬಂದಿತ್ತು.

"ಪತ್ರ. ನನ್ನ ತಮ್ಮನಿಗೆ."

"ಈ ಹಾಳೆ?"

"ವರದಿಗೆ ಸೇರಲ್ಲ," ಎಂದು ಅವಳು ಅದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

ನಫೀಸ್‌ನ ಹೆಸರು ನಾಲಿಗೆಯ ತುದಿವರೆಗೂ ಬಂದಿತ್ತು. ಒಂದು ಹಾಳೆಗೆ ಒಬ್ಬ. ಇನ್ನೊಬ್ಬನನ್ನು ಸೇರಿಸಲು ಹೋಗಿ ಮೊದಲನೆಯವನೂ ಕೈತಪ್ಪಿದರೆ? ಅವಳು ಬಾಯಿ ಮುಚ್ಚಿಕೊಂಡಳು.

ಪ್ರೈಸ್ ಖಾನೆಯಿಂದ ಹಾಜರಿ ಪುಸ್ತಕವನ್ನೂ ಹಸಿರು ಪೆನ್ನನ್ನೂ ತೆಗೆದ. ಜುಲೈನಿಂದ ಆಗಸ್ಟ್‌ವರೆಗೆ ಎಂಟು ಮಂಗಳವಾರ. ಅವಳ ಕಣ್ಣೆದುರೇ ಲೆಮ್ಯುಯೆಲ್ ಎಂದು ಎಂಟು ಸಲ ಬರೆದ, ಒಂದೊಂದಕ್ಕೂ ಪೆನ್ನನ್ನು ಬೇರೆ ಬಗೆಯಾಗಿ ವಾಲಿಸುತ್ತಾ, ಮಧ್ಯೆ ಒಮ್ಮೆ ನಾಲಿಗೆ ಕಚ್ಚಿಕೊಂಡು. ಒಂದು ಹಾಜರಿಗೆ 'ಹತ್ತು ನಿಮಿಷ ತಡ' ಎಂದು ಪಕ್ಕದಲ್ಲಿ ಸೇರಿಸಿದ. ಸೇರಿಸಿ ಅದನ್ನೇ ಮೆಚ್ಚುಗೆಯಿಂದ ನೋಡಿದ. ಬರೆಯುತ್ತಲೇ ಎಡಗೈಯಿಂದ ಕೋಳಿ ರೆಕ್ಕೆಯ ಡಬ್ಬಿಯನ್ನು ಅವಳ ಕಡೆ ಸರಿಸಿದ. ಕೈಗೆ ಏನು ಮಾಡಲೂ ತೋಚದೆ ಅವಳು ಒಂದನ್ನು ಎತ್ತಿಕೊಂಡು ತಿಂದಳು. ತಣ್ಣಗಿನ ಕೊಬ್ಬು ಅಂಗುಳಿಗೆ ಅಂಟಿಕೊಂಡಿತು. ಮೂಳೆಯನ್ನು ಎಲ್ಲಿಡುವುದೆಂದು ಗೊತ್ತಾಗದೆ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಪತ್ರವನ್ನು ಲಕೋಟೆಗೆ ಹಾಕಿ ಕೊಡುವಾಗ ಪ್ರೈಸ್ ಹೇಳಿದ. "ಒಂದು ಮಾತು, ಮಿಸ್ ವರ್ನೀಟಾ. ಆ ಹಾಳೆ ಯಾವತ್ತಾದ್ರೂ ಆಚೆ ಬಂದ್ರೆ ಈ ಪತ್ರವೂ ಸುಳ್ಳಾಗುತ್ತೆ. ನಿಮ್ಮ ತಮ್ಮ ಎಲ್ಲಿದ್ರೂ ಕೈಕೋಳ ಹಾಕಿಸ್ಕೊಂಡು ವಾಪಸ್ ಬರ್ತಾನೆ."

ಪತ್ರ ನೋಡಿ ಅಧಿಕಾರಿ ಸಹಿ ಹಾಕಿದ, ಲೆಮ್ ಶುಕ್ರವಾರ ಬಸ್ಸು ಹತ್ತಿದ. ನಫೀಸ್‌ಗೆ ಪತ್ರ ಎಲ್ಲಿ ಎಂದು ಕೇಳಿದ್ದಕ್ಕೆ "ಮುಂದಿನ ವಾರ ನೋಡೋಣ ಅಂದಿದ್ದಾರೆ" ಎಂದು ಅವಳು ಹೇಳಿದಳು. ಪಿಸ್ತೂಲನ್ನು ಏನು ಮಾಡಿದೆ ಎಂದು ಕೇಳಲಿಲ್ಲ. ಮನೆಗೆ ಬಂದು ಬೂಟಿನೊಳಗೆ ಕೈ ಹಾಕಿ ನೋಡಿದಳು, ಖಾಲಿಯಿತ್ತು. ಹಸಿರು ಶಾಯಿಯ ಹಾಳೆಯನ್ನು ಹರಿಯಬೇಕೆಂದು ಕೈಗೆತ್ತಿಕೊಂಡವಳು, ಹರಿಯಲಾರದೆ, ಪಾತ್ರೆ ಒರೆಸುವ ಬಟ್ಟೆಗಳ ಕೆಳಗೆ ಖಾನೆಯಲ್ಲಿಟ್ಟಳು.

ಚಿಕ್ಕಮ್ಮನ ಮನೆಯಿಂದ ಅವನು ದಿನಾ ಫೋನು ಮಾಡುತ್ತಿದ್ದ. "ಅಕ್ಕಾ, ಇಲ್ಲಿ ಮಂಚ ಕಿಟಕಿ ಪಕ್ಕಾನೇ ಇದೆ. ಬೆಳಗಾದ್ರೆ ಕಣ್ಣಿಗೆ ಬಿಸಿಲು ಬೀಳುತ್ತೆ." ಆ ಮಾತು ಕೇಳಿದ ದಿನ ಅವಳು ಫೋನು ಇಟ್ಟು ಕೂತಲ್ಲೇ ಅತ್ತಳು. ತಾನು ಮಾಡಿದ್ದು ಸರಿ ಎಂದು ಆ ಒಂದು ದಿನ ಅನಿಸಿತ್ತು.

ಎರಡು ವಾರದ ನಂತರ ಗ್ರಂಥಾಲಯದ ಸಭಾಂಗಣದಲ್ಲಿ ವರದಿ ಓದಿದರು. ಕ್ಲಾರಿನೆಟ್ ಹುಡುಗನ ತಾಯಿ ಹೇಳಿದ್ದನ್ನೆಲ್ಲ ವರ್ನೀಟಾ ಬರೆದು ಕೊಟ್ಟಿದ್ದಳು. ವರದಿಯಲ್ಲಿ ಅದು 'ಕೆಲವು ಕುಟುಂಬಗಳು ಅಪಾಯವನ್ನು ಒಪ್ಪಿಕೊಳ್ಳಲು ಹಿಂಜರಿಯುತ್ತವೆ' ಎಂಬ ಒಂದೇ ಸಾಲಾಗಿತ್ತು. ಸತ್ತ ಮೂವರ ಬಗ್ಗೆ ಯಾರೂ ಕೇಳಲಿಲ್ಲ. ಪ್ರೊಫೆಸರ್ ಕಾಲ್ಡರ್ ಪ್ರಾಮಾಣಿಕ ಹೆಂಗಸು, ಕೈಗೆ ಬಂದ ಕಾಗದವನ್ನು ನಂಬಿದ್ದಳು. ಅವಳು ಕನ್ನಡಕ ಸರಿಮಾಡಿಕೊಂಡು ಕೊನೆಯ ಚಿತ್ರ ತೋರಿಸಿದಳು. ಹೆಸರು ಹೇಳಲಿಲ್ಲ. ಮೂವತ್ತಮೂರು ವರ್ಷದ ಒಬ್ಬ ವ್ಯಕ್ತಿ, ಗೆಳೆಯನನ್ನು ಗುಂಡೇಟಿನಲ್ಲಿ ಕಳೆದುಕೊಂಡವನು, ಎಂಟು ವಾರ ತಪ್ಪದೆ ಸಭೆಗೆ ಬಂದು, ಈಗ ಸುರಕ್ಷಿತ ಜಾಗದಲ್ಲಿದ್ದಾನೆ. "ಅತ್ಯಂತ ಅಪಾಯದಲ್ಲಿರುವವರನ್ನು ಈ ಕಾರ್ಯಕ್ರಮ ತಲುಪುತ್ತಿದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ."

ಚಪ್ಪಾಳೆ ಬಿತ್ತು. ಪರದೆಯ ಮೇಲೆ ವರ್ನೀಟಾಳ ಹೆಸರು ಬಂತು. ಪ್ರೈಸ್ ತಿರುಗಿ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡ. ಎದ್ದು ನಿಲ್ಲಿ ಎಂದು ಯಾರೋ ಅವಳ ಬೆನ್ನು ತಟ್ಟಿದರು. ಎದ್ದು ನಿಂತಳು. ಮೈಮೇಲೆ ಏನೋ ಹರಿದಂತಾಗಿ ಒಮ್ಮೆ ಭುಜ ಕೊಡವಿಕೊಂಡಳು.

ಸ್ಯಾಂಡ್‌ವಿಚ್ ಇಟ್ಟಿದ್ದ ಮೇಜಿನ ಹತ್ತಿರ ಡೆಸ್ಸಾ ಅವಳ ಮೊಣಕೈ ಹಿಡಿದಳು. ಮೂವತ್ತು ವರ್ಷದ ನೆರೆಯವಳು. ಅಮ್ಮ ತೀರಿಕೊಂಡ ವಾರವಿಡೀ ವರ್ನೀಟಾಳ ಮನೆಗೆ ಅಡುಗೆ ಮಾಡಿ ಕಳಿಸಿದವಳು.

"ಅದು ನಮ್ಮ ಲೆಮ್ ತಾನೇ? ಸುಳ್ಳು ಹೇಳ್ಬೇಡ ನೀಟಾ. ಮೂವತ್ತಮೂರು ಅಂದ ತಕ್ಷಣ ಗೊತ್ತಾಯ್ತು ನನಗೆ."

"ಮೆತ್ತಗೆ ಮಾತಾಡು."

"ಹೆಂಗೆ ಸಿಕ್ತು ಪತ್ರ? ನನ್ನ ನಫೀಸ್‌ಗೂ ಕೋರ್ಟಿನ ಕಟ್ಟು ಇದೆಯಲ್ಲ. ಲೆಮ್ ಹೋದ್ಮೇಲೆ ಮನೆ ಮುಂದೆ ಒಂದು ಬೂದು ಬಣ್ಣದ ಕಾರು ದಿನಾ ಬಂದು ನಿಲ್ತಿದೆ. ಯಾರೂ ಇಳಿಯಲ್ಲ. ಹೇಳೇ, ಏನು ಮಾಡಿದ್ರಿ?"

ಪ್ರೈಸ್ ಮೂರು ಹೆಜ್ಜೆ ದೂರದಲ್ಲಿ ಯಾರದೋ ಕೈ ಕುಲುಕುತ್ತಿದ್ದ.

"ಎಂಟು ಮಂಗಳವಾರ ಹೋದ," ಎಂದಳು ವರ್ನೀಟಾ. "ಅಷ್ಟೇ."

"ಅವೆನ್ಯೂ ದಾಟಿ? ಲೆಮ್?"

"ಹಿಂದಿನ ಗಲ್ಲಿಯಿಂದ. ಏನೂ ಆಗ್ಲಿಲ್ಲ."

ಡೆಸ್ಸಾ ಅವಳ ಮುಖವನ್ನೇ ನೋಡಿದಳು. ಆಮೇಲೆ ಅವಳ ಕೆನ್ನೆಗೆ ಮುತ್ತು ಕೊಟ್ಟಳು. "ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ," ಎಂದಳು.

ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ಔಷಧಿ ಅಂಗಡಿಯಿಂದ ಬರುತ್ತಿದ್ದ ವರ್ನೀಟಾಳನ್ನು ಡೆಸ್ಸಾ ಕಿಟಕಿಯಿಂದ ಕೂಗಿದಳು. "ನಫೀಸ್ ಒಪ್ಕೊಂಡ ಕಣೇ! ಎರಡು ದಿನ ಅತ್ತೂ ಅತ್ತೂ ಒಪ್ಪಿಸ್ದೆ. ಇವತ್ತು ಮೊದಲನೇದು. ಇನ್ನೇಳು ಉಳೀತು ನೋಡು."

ಬೀದಿಯ ತುದಿಯಲ್ಲಿ ಬೂದು ಕಾರು ನಿಂತಿತ್ತು.

ವರ್ನೀಟಾ ಡೆಸ್ಸಾಳ ಮನೆಯ ಮೆಟ್ಟಿಲು ಹತ್ತಿ ಒಳಗೆ ಹೋದಳು. ಮಹಡಿಯಲ್ಲಿ ಯಾರೋ ಸ್ನಾನ ಮಾಡುವ ಸದ್ದು. ಒಲೆಯ ಮೇಲೆ ಸೊಪ್ಪು ಬೇಯುತ್ತಿತ್ತು. ಇಸ್ತ್ರಿ ಮಾಡಿದ ಶರ್ಟು ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು.

"ಇವತ್ತು ಕಳಿಸ್ಬೇಡ ಡೆಸ್ಸಾ."

"ಯಾಕೆ? ಅಪಶಕುನ ನುಡೀಬೇಡ. ಗಲ್ಲಿಯಿಂದಾನೇ ಹೋಗು ಅಂತ ಹೇಳಿದೀನಿ, ನೀನು ಹೇಳಿದ ಹಾಗೇ."

"ಗಲ್ಲಿಯಿಂದಾನೂ ಬೇಡ. ಯಾವತ್ತೂ ಬೇಡ. ಲೆಮ್ ಹೋಗಿರ್ಲಿಲ್ಲ."

ಡೆಸ್ಸಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ವರ್ನೀಟಾ ನಿಂತೇ ಎಲ್ಲ ಹೇಳಿದಳು, ಹಸಿರು ಶಾಯಿ, ಸತ್ತ ಮೂವರು, ವರದಿಯಿಂದ ತೆಗೆದ ಹಾಳೆ, ಕಣ್ಣೆದುರೇ ಬರೆದ ಎಂಟು ಸಹಿ. ಲೆಮ್ ಕೇಳಿದ್ದು ಎರಡು ಪತ್ರ, ತಾನು ಬಾಯಿಬಿಟ್ಟದ್ದು ಒಂದಕ್ಕೆ ಎಂಬುದನ್ನೂ ಹೇಳಿದಳು. ಅದನ್ನು ಹೇಳದೆ ಉಳಿಸಿಕೊಳ್ಳಬಹುದಿತ್ತು. ಆದರೆ ಹೊಟ್ಟೆಯಲ್ಲಿ ಇನ್ನೇನನ್ನೂ ಇಟ್ಟುಕೊಳ್ಳುವ ಜಾಗ ಇರಲಿಲ್ಲ.

ಡೆಸ್ಸಾ ಒಲೆ ಆರಿಸಿದಳು. ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದಳು. "ನಫೀಸ್! ಇವತ್ತು ಎಲ್ಲಿಗೂ ಹೋಗೋದು ಬೇಡ!"

"ಏನು?"

"ಬೇಡ ಅಂದೆ! ನೀರು ನಿಲ್ಲಿಸು, ಒಳಗೇ ಇರು!"

"ನೀನೇ ತಾನೇ ಹೋಗು ಅಂತ ಪ್ರಾಣ ತಿಂದಿದ್ದು?"

ಡೆಸ್ಸಾ ವಾಪಸು ಬಂದು ವರ್ನೀಟಾಳನ್ನು, ಕೆಟ್ಟುಹೋದ ಮಾಂಸವನ್ನು ಅಂಗಡಿಯವನಿಗೆ ತಿರುಗಿ ಕೊಡುವಾಗ ನೋಡುವ ಹಾಗೆ ನೋಡಿದಳು.

"ಮುತ್ತು ಕೊಟ್ಟೆನಲ್ಲೇ ನಿನಗೆ," ಎಂದಳು. ಕೈಯ ಹಿಂಬದಿಯಿಂದ ತುಟಿ ಒರೆಸಿಕೊಂಡಳು. "ಎಲ್ಲರ ಮುಂದೆ."

"ಬೈಯಿ ಡೆಸ್ಸಾ."

"ಬೈದು ನಿನ್ನ ಹಗುರ ಮಾಡ್ಲಾ? ಎಲ್ಲಿದೆ ಆ ಹಾಳೆ? ಹರಿದು ಹಾಕಿದ್ಯಾ?"

"ಇಲ್ಲ."

"ತಗೊಂಡು ಬಾ."

ವರ್ನೀಟಾ ತನ್ನ ಮನೆಗೆ ಹೋಗಿ ಖಾನೆ ಎಳೆದಳು. ಬಟ್ಟೆಗಳ ಕೆಳಗೆ ಹಾಳೆ ಬೆಚ್ಚಗಿತ್ತು. ಡೆಸ್ಸಾ ಇದನ್ನು ಪ್ರೈಸ್‌ನ ಮುಂದೆ ಇಟ್ಟು ಮಗನಿಗೆ ಪತ್ರ ಬರೆಸಿಕೊಂಡರೆ ಲೆಮ್ ಉಳಿಯುತ್ತಾನೆ. ನಗರದವರ ಮುಂದಿಟ್ಟರೆ ಎಲ್ಲ ಬಯಲಾಗುತ್ತದೆ, ಕಿಟಕಿಯ ಪಕ್ಕದ ಮಂಚದಿಂದ ಅವನನ್ನು ಎಬ್ಬಿಸಿಕೊಂಡು ಬರುತ್ತಾರೆ. ಸುಳ್ಳು ಹೇಳಬಹುದು, ಹಾಳೆ ಸಿಗುತ್ತಿಲ್ಲ ಎನ್ನಬಹುದು. ಹಾಗೆ ಹೇಳುವುದು ಎಷ್ಟು ಸುಲಭ ಎಂದು ಈಗ ಅವಳಿಗೆ ಗೊತ್ತಿತ್ತು. ಆ ಸುಲಭವೇ ಅವಳಿಗೆ ಮೈಯೆಲ್ಲ ಜುಂ ಎನ್ನುವಷ್ಟು ಅಸಹ್ಯ ತಂದಿತು. ಖಾನೆಯನ್ನು ಮುಚ್ಚದೆ ಹೊರಟಳು.

ಡೆಸ್ಸಾ ಹಾಳೆಯನ್ನು ಬೆಳಕಿಗೆ ಹಿಡಿದು ಒಂದೊಂದೇ ಹೆಸರು ಓದಿದಳು. ಕ್ವಾದೀರನ ಹೆಸರಿನ ಹತ್ತಿರ ಅವಳ ತುಟಿ ಅಲುಗಿತು. ಆ ಹುಡುಗ ಎಷ್ಟೋ ಸಲ ಇದೇ ಮೇಜಿನಲ್ಲಿ ಉಂಡಿದ್ದ.

"ಏನು ಮಾಡ್ತೀಯಾ?" ಎಂದು ಕೇಳಿದಳು ವರ್ನೀಟಾ.

"ನೀನು ಹೇಳು, ಏನು ಮಾಡ್ಲಿ?"

"ನಿನಗೆ ಬಿಟ್ಟಿದ್ದು."

"ಆಹಾ! ನಿನ್ನವನು ಊರು ಬಿಟ್ಟ ಮೇಲೆ ನನಗೆ ಬಿಡ್ತೀಯಾ." ಡೆಸ್ಸಾ ಹಾಳೆಯನ್ನು ನಾಲ್ಕಾಗಿ ಮಡಚಿ ಪರ್ಸಿಗೆ ಹಾಕಿದಳು. ಬಗ್ಗಿ ಬೂಟಿನ ಲೇಸು ಬಿಗಿದಳು. ಭಾನುವಾರ ಚರ್ಚಿಗೆ ಹಾಕುವ ಕೋಟನ್ನು ತೊಟ್ಟಳು, ಸೆಪ್ಟೆಂಬರಿನ ಸೆಕೆಯಲ್ಲಿ. "ನಾನು ಬರೋವರೆಗೂ ಇಲ್ಲೇ ಕೂತ್ಕೊ. ಅವನು ಹೊಸ್ತಿಲು ದಾಟಿದ್ರೆ ನಿನ್ನ ಮುಖ ನನಗೆ ಇನ್ನು ತೋರಿಸ್ಬೇಡ."

"ಡೆಸ್ಸಾ, ಲೆಮ್..."

"ಗೊತ್ತು. ಅವನಿಗೂ ಊಟ ಹಾಕಿದೀನಿ ನಾನು," ಎಂದಳು. ಅದರರ್ಥ ಏನೆಂದು ಹೇಳಲಿಲ್ಲ. ಹೊರಗೆ ಹೋದಳು. ಕಿಟಕಿಯಿಂದ ಕಂಡಂತೆ ಅವಳು ಬೂದು ಕಾರಿನ ಪಕ್ಕದಲ್ಲೇ, ಅದರ ಗಾಜಿಗೆ ಕೋಟು ತಾಗುವಷ್ಟು ಹತ್ತಿರ ನಡೆದು, ಅವೆನ್ಯೂ ಕಡೆ ತಿರುಗಿದಳು.

ನಫೀಸ್ ಒದ್ದೆ ತಲೆ ಒರೆಸಿಕೊಳ್ಳುತ್ತಾ ಇಳಿದು ಬಂದ. ಮೂವತ್ತೆರಡು ವರ್ಷದ, ಅಗಲ ಭುಜದ ಗಂಡಸು. "ಅಮ್ಮ ಎಲ್ಲಿ, ಮಿಸ್ ವರ್ನೀಟಾ?"

"ಕೆಲಸ ಇತ್ತು, ಹೋದಳು. ಬರ್ತಾಳೆ."

ಅವನು ಸೊಪ್ಪಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದ. "ಒಂದು ಕೇಳ್ಲಾ? ಲೆಮ್ ನಿಜವಾಗ್ಲೂ ಎಂಟು ಸಲ ಹೋಗಿದ್ನಾ?"

"ಇಲ್ಲ."

"ನನಗೆ ಗೊತ್ತಿತ್ತು." ಅವನು ಕುರ್ಚಿಯಿಂದ ಶರ್ಟು ತೆಗೆದುಕೊಂಡ. "ಆ ಮಂಗಳವಾರಗಳಲ್ಲಿ ಅವನು ನನ್ನ ಜೊತೇನೇ ಇದ್ದ."

ವರ್ನೀಟಾ ತಲೆ ಎತ್ತಿದಳು. "ಮತ್ತೆ ನೀನ್ಯಾಕೋ ಹೊರಟಿದ್ದೆ?"

"ಅಮ್ಮ ಅಳ್ತಿದ್ಳು," ಎಂದ ನಫೀಸ್. ಗುಂಡಿ ಹಾಕಿಕೊಳ್ಳುತ್ತಾ ಕಿಟಕಿಯ ಪರದೆಯನ್ನು ಒಂದು ಬೆರಳಿನಷ್ಟು ಸರಿಸಿ ಹೊರಗೆ ನೋಡಿದ. "ಅವಳು ಯಾವ ಕಡೆ ಹೋದ್ಳು? ಆ ಬದಿಗಾ?"

ವರ್ನೀಟಾ ಕುರ್ಚಿಯನ್ನು ಎಳೆದುಕೊಂಡು ಹೋಗಿ, ಮುಂಬಾಗಿಲಿಗೆ ಬೆನ್ನು ಒತ್ತುವ ಹಾಗೆ ಹಾಕಿಕೊಂಡು, ಅದರ ಮೇಲೆ ಕೂತಳು.